ಜಾನಪದ ಆಲ್ಬಮ್‌ಗೂ ಸ್ವಲ್ಪ ಬೈಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹೊಸ ಆಲ್ಬಮ್‌ಗಳ ಬಗ್ಗೆ ಬರುವ ಪುಟವನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬ. ಕಳೆದ ತಿಂಗಳು ಆ ಪುಟದಲ್ಲಿ ಅಕ್ಕಪಕ್ಕ ಎರಡು ವಿಮರ್ಶೆ ಇದ್ದವು. ಎಡಗಡೆ ಬೆಂಗಳೂರಿನ ಹುಡುಗರ ಕನ್ನಡ ರಾಕ್ ಆಲ್ಬಮ್. ಬಲಗಡೆ ನಮ್ಮ ಅಂಕೋಲಾ ಕಡೆಯ ಹಾಡುಗಳನ್ನು ಇಟ್ಟುಕೊಂಡು ಮಾಡಿದ ಫೋಕ್ ಫ್ಯೂಷನ್ ಆಲ್ಬಮ್, ಅಂದರೆ ಜಾನಪದಕ್ಕೆ ಗಿಟಾರ್, ಕೀಬೋರ್ಡ್ ಬೆರೆಸಿದ್ದು. ಎಡಗಡೆಯದಕ್ಕೆ ಎರಡು ಸ್ಟಾರ್, ಬಲಗಡೆಯದಕ್ಕೆ ನಾಲ್ಕೂವರೆ. ಬರೆದವರು ಒಬ್ಬರೇ. ಎರಡೂ ಆಲ್ಬಮ್‌ಗಳನ್ನು ನಾನು ಕೊನೆಯವರೆಗೂ ಕೇಳಿದೆ. ರಾಕ್‌ಗೆ ಕೊಟ್ಟ ಎರಡು ಸ್ಟಾರ್ ಸರಿಯಾಗಿಯೇ ಇದೆ. ನನ್ನ ತಕರಾರು ಇರುವುದು ನಾಲ್ಕೂವರೆ ಸ್ಟಾರಿನ ಮೇಲೆ. ಆಲ್ಬಮ್‌ಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಪುಟ ಓದಿದವರಿಗೆ ಗೊತ್ತಾಗುತ್ತದೆ.

ವಿಮರ್ಶೆಗೆ ವಿಮರ್ಶೆ ಬರೆಯೋಕೆ ಇವನ್ಯಾರು ಅಂತ ಯಾರಾದರೂ ಕೇಳಬಹುದು. ನನ್ನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಕೆಲಸ. ಅಂಕೋಲಾದಲ್ಲಿ ಅಂಗಡಿ. ಕಾರವಾರದಿಂದ ಕುಮಟಾವರೆಗೆ ಮದುವೆ, ಸತ್ಯನಾರಾಯಣ ಪೂಜೆ, ಯಕ್ಷಗಾನದ ಆಟ, ಆರ್ಕೆಸ್ಟ್ರಾ, ಚುನಾವಣೆ ಭಾಷಣ, ಎಲ್ಲದಕ್ಕೂ ಹೋಗುತ್ತೇನೆ. ಸಂಗೀತ ಕಲಿತವನಲ್ಲ. ಆದರೆ ಯಾವ ವಾದ್ಯದ ಯಾವ ಜಾಗದಲ್ಲಿ ಮೈಕ್ ಇಟ್ಟರೆ ಅದು ತನ್ನ ಸ್ವರದಲ್ಲೇ ಕೇಳುತ್ತದೆ, ಯಾವ ಜಾಗದಲ್ಲಿ ಇಟ್ಟರೆ ತಗಡಿನ ಹಾಗೆ ಕೇಳುತ್ತದೆ ಅನ್ನೋದು ನನ್ನ ಹೊಟ್ಟೆಪಾಡು. ಹೊಸ ಆಲ್ಬಮ್‌ಗಳನ್ನು ಹುಡುಕಿ ಕೇಳಿಸುವವಳು ನನ್ನ ಮಗಳು. ಅವಳಿಗೆ ರಾಕ್ ಹುಚ್ಚು. ನನಗೂ ಅಷ್ಟಿಷ್ಟು ಹಿಡಿಸಿದ್ದಾಳೆ.

ಮೊದಲು ರಾಕ್ ವಿಮರ್ಶೆಯ ಮಾತು. ಅದನ್ನು ಓದಿ ನನಗೆ ಖುಷಿಯಾಯಿತು. ಮೂರನೇ ಹಾಡಿನಲ್ಲಿ ಗಿಟಾರ್ ಸೋಲೋ ಬೇಕಾದ್ದಕ್ಕಿಂತ ಉದ್ದವಾಯಿತು ಎಂದು ಬರೆದಿದ್ದಾರೆ. ಹೌದು, ಉದ್ದವಾಯಿತು. ಸಾಹಿತ್ಯದಲ್ಲಿ ಪ್ರತಿ ಸಾಲಿಗೂ ಪ್ರಾಸ ತುರುಕಿ ಅರ್ಥ ಕೆಡಿಸಿದ್ದಾರೆ ಎಂದಿದ್ದಾರೆ. ಒಪ್ಪಿದೆ. ಡ್ರಮ್ ಬಾರಿಸುವ ಹುಡುಗ ಜೋರು ಭಾಗದಲ್ಲಿ ಗಟ್ಟಿಗ, ಮೆತ್ತನೆ ಭಾಗದಲ್ಲಿ ಕೈ ನಿಲ್ಲುವುದಿಲ್ಲ ಎಂದಿದ್ದಾರೆ. ಇದನ್ನು ಬರೆಯಬೇಕಾದರೆ ಆಲ್ಬಮ್ಮನ್ನು ಎರಡು ಮೂರು ಸಲವಾದರೂ ಕೂತು ಕೇಳಿರಬೇಕು. ಒಂದು ಕಡೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಬೇಸ್ ಗಿಟಾರ್ ಕೆಸರು ಕೆಸರಾಗಿ ಕೇಳುತ್ತದೆ ಎಂದು ನುಡಿಸುವವನನ್ನು ಬೈದಿದ್ದಾರೆ. ಅದು ಅವನ ತಪ್ಪಲ್ಲ. ಬೇಸ್ ಗಿಟಾರ್ ಮತ್ತು ಕಾಲಿನಿಂದ ಒದೆಯುವ ದೊಡ್ಡ ಡ್ರಮ್, ಎರಡನ್ನೂ ಮಿಕ್ಸಿಂಗ್ ಮಾಡಿದವರು ಒಂದೇ ಜಾಗದಲ್ಲಿ ಎತ್ತಿ ಕೂರಿಸಿದ್ದಾರೆ. ಇಬ್ಬರು ಒಂದೇ ಕುರ್ಚಿಗೆ ಜಗ್ಗಾಡಿದರೆ ಯಾರೂ ನೆಟ್ಟಗೆ ಕೂರುವುದಿಲ್ಲ. ಇರಲಿ, ಅದು ಸಣ್ಣ ವಿಷಯ. ಆ ಹುಡುಗರು ಬೇಜಾರು ಮಾಡಿಕೊಂಡಿರಬಹುದು. ಆದರೆ ಮುಂದಿನ ಆಲ್ಬಮ್ ಮಾಡುವಾಗ ಅವರಿಗೆ ಈ ವಿಮರ್ಶೆಯಿಂದ ಕೆಲಸಕ್ಕೆ ಬರುವ ಮಾತು ಸಿಗುತ್ತದೆ.

ಈಗ ಬಲಗಡೆಗೆ ಬನ್ನಿ. ಅದೇ ಕೈ, ಅದೇ ಪೆನ್ನು. ಆದರೆ ಕಿವಿ ಮಾತ್ರ ಎಲ್ಲೋ ರಜೆ ಹಾಕಿ ಹೋದಂತಿದೆ. 'ಮಣ್ಣಿನ ವಾಸನೆ' ಎಂಬುದು ಎರಡು ಸಲ ಬಂದಿದೆ. 'ಕಡಲ ತಡಿಯ ಮುಗ್ಧ ದನಿಗಳು' ಒಂದು ಸಲ. 'ಡೊಳ್ಳಿನ ಅಬ್ಬರ ಮೈ ನವಿರೇಳಿಸುತ್ತದೆ' ಎಂದೂ ಇದೆ.

ಮಾರಾಯರೇ, ಆ ಆಲ್ಬಮ್‌ನಲ್ಲಿ ಡೊಳ್ಳೇ ಇಲ್ಲ. ಇರುವುದು ಗುಮಟೆ.

ಡೊಳ್ಳು ಬೇರೆ, ಗುಮಟೆ ಬೇರೆ. ಡೊಳ್ಳು ಮರದ್ದು, ದೊಡ್ಡದು, ಎರಡು ಕಡೆ ಚರ್ಮ, ಸೊಂಟಕ್ಕೆ ಕಟ್ಟಿಕೊಂಡು ಕೋಲಿನಿಂದ ಹೊಡೆಯುತ್ತಾರೆ. ಗುಮಟೆ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತಾರೆ. ಹಿಂದುಗಡೆ ಇನ್ನೊಂದು ಸಣ್ಣ ಬಾಯಿ, ಅದು ತೆರೆದೇ ಇರುತ್ತದೆ. ಬಲಗೈ ಬೆರಳು ಚರ್ಮದ ಮೇಲೆ, ಎಡಗೈ ಆ ಸಣ್ಣ ಬಾಯಿಯ ಹತ್ತಿರ. ಅಂಗೈಯಿಂದ ಅದನ್ನು ಮುಚ್ಚಿದರೆ ಸ್ವರ ಕೆಳಗಿಳಿಯುತ್ತದೆ, ಬಿಟ್ಟರೆ ಮೇಲೇಳುತ್ತದೆ. ಗುಮಟೆಯ ಜೀವ ಇರುವುದೇ ಈ ಎಡಗೈಯಲ್ಲಿ. ಚರ್ಮದ ಮೇಲೆ ಪಟಪಟ ಬಾರಿಸುವುದನ್ನು ಹುಡುಗರು ಬೇಗ ಕಲಿಯುತ್ತಾರೆ. 'ಗುಂ' ಎಂದು ಶುರುವಾಗಿ 'ವುಂ' ಎಂದು ಹೊರಳುವ ಆ ಸ್ವರ ತೆಗೆಯೋಕೆ ವರ್ಷಗಟ್ಟಲೆ ಬೇಕು. ನಾನು ಗುಮಟೆ ಪಾಂಗಿಗೆ, ಅಂದರೆ ಗುಮಟೆ ಬಾರಿಸುತ್ತಾ ಗುಂಪಾಗಿ ಹಾಡುವಲ್ಲಿ, ಮೈಕ್ ಇಡುವಾಗ ಮುಂದೊಂದು, ಹಿಂದಿನ ಬಾಯಿಗೊಂದು, ಹೀಗೆ ಎರಡು ಇಡುತ್ತೇನೆ. ಒಂದೇ ಮೈಕ್ ಇದ್ದರೆ ಹಿಂದೆಯೇ ಇಡುತ್ತೇನೆ. ಚರ್ಮದ ಪೆಟ್ಟು ಹೇಗೂ ಕೇಳುತ್ತದೆ.

ಈ ಆಲ್ಬಮ್‌ನಲ್ಲಿ ಮೈಕ್ ಇಟ್ಟದ್ದು ಮುಂದೆ ಮಾತ್ರ. ಹಾಗಾಗಿ ಬರೀ ಪಟಪಟ ಕೇಳುತ್ತದೆ, ಎಡಗೈ ಕೆಲಸ ಪೂರ್ತಿ ಮಾಯ. ಆ ಖಾಲಿ ಜಾಗ ತುಂಬಲು ಕಂಪ್ಯೂಟರಿನಿಂದ ಒಂದು ಬೇಸ್ ಡ್ರಮ್ ತಂದು ಹಾಕಿದ್ದಾರೆ. ವಿಮರ್ಶಕರ ಮೈ ನವಿರೇಳಿಸಿದ 'ಡೊಳ್ಳು' ಅದೇ ಇರಬೇಕು. ರಾಕ್ ಆಲ್ಬಮ್‌ನಲ್ಲಿ ಬೇಸ್ ಗಿಟಾರ್ ಕೆಸರಾದದ್ದು ಕೇಳಿಸಿದ ಕಿವಿಗೆ ಇದು ಯಾಕೆ ಕೇಳಿಸಲಿಲ್ಲ?

ಗುಮಟೆಯ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಹಿಂದೆ ಅದಕ್ಕೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಉಡ ಮುಟ್ಟುವ ಹಾಗಿಲ್ಲ. ಈಗ ಆಡಿನ ಚರ್ಮ. ಸ್ವರದಲ್ಲಿ ವ್ಯತ್ಯಾಸ ಇದೆ, ಹಳಬರು ಕೈ ಹಾಕಿದ ಕೂಡಲೇ ಹೇಳುತ್ತಾರೆ. ಪಕ್ಕದ ಗೋವಾದವರು ಆಡಿನ ಚರ್ಮದ ಘುಮಟನ್ನೇ ಒಪ್ಪಿಕೊಂಡು 2019ರಲ್ಲಿ ಅದನ್ನು ತಮ್ಮ ರಾಜ್ಯದ ಪಾರಂಪರಿಕ ವಾದ್ಯ ಎಂದು ಘೋಷಿಸಿದರು. ನಮ್ಮಲ್ಲಿ ಅದನ್ನು ಡೊಳ್ಳು ಎಂದು ಬರೆದು ನಾಲ್ಕೂವರೆ ಸ್ಟಾರ್ ಕೊಡುತ್ತಾರೆ.

ಇನ್ನು ಹಾಡಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಆ ಹಾಡುಗಳ ರೆಕಾರ್ಡಿಂಗ್ ನಡೆದಾಗ ನಾನು ಅಲ್ಲಿದ್ದೆ. ನಗರದಿಂದ ಬಂದ ತಂಡ ನನ್ನ ಹತ್ತಿರ ಸ್ಟ್ಯಾಂಡು, ಕೇಬಲ್ಲು, ಒಂದು ಸಣ್ಣ ಜನರೇಟರ್ ಬಾಡಿಗೆಗೆ ತೆಗೆದುಕೊಂಡಿತ್ತು. ಬಾಡಿಗೆ ಸರಿಯಾಗಿ ಕೊಟ್ಟರು, ಆ ಲೆಕ್ಕದಲ್ಲಿ ನನ್ನದೇನೂ ದೂರಿಲ್ಲ. ಹಾಲಕ್ಕಿ ಒಕ್ಕಲಿಗರ ಮನೆಯೊಂದರ ಜಗಲಿಯಲ್ಲಿ ಹೆಂಗಸರು ಕೂತಿದ್ದರು. ಮಧ್ಯಾಹ್ನ ಊಟ ಮುಗಿದ ಹೊತ್ತು. ಒಬ್ಬಾಕೆ ಎತ್ತಿಕೊಟ್ಟರು, ಉಳಿದವರು ಹಿಡಿದರು. ಅವರು ಹಿಡಿಯುವ ರೀತಿ ನೋಡಬೇಕು. ಮೊದಲಿನಾಕೆಯ ಸಾಲು ಪೂರ್ತಿ ಮುಗಿಯಲು ಇವರು ಕಾಯುವುದಿಲ್ಲ. ಕೊನೆಯ ಅಕ್ಷರ ಎಳೆಯುತ್ತಿರುವಾಗಲೇ ಇವರ ಮೊದಲ ಅಕ್ಷರ ಅದರ ಮೇಲೆ ಬಂದು ಕೂರುತ್ತದೆ. ನಡುವೆ ಉಸಿರಿಗೆ ಜಾಗವೇ ಇಲ್ಲದ ಹಾಗೆ ಹಾಡು ಹರಿಯುತ್ತದೆ. ಶ್ರುತಿಪೆಟ್ಟಿಗೆ ಇಲ್ಲ, ಹಾರ್ಮೋನಿಯಂ ಇಲ್ಲ. ಹಾಡುತ್ತಾ ಹಾಡುತ್ತಾ ಸ್ವರ ಒಂದು ಎಳೆಯಷ್ಟು ಮೇಲೆ ಹೋಗುತ್ತದೆ. ಎಲ್ಲರದ್ದೂ ಒಟ್ಟಿಗೇ ಹೋಗುತ್ತದೆ.

ಆಲ್ಬಮ್‌ನಲ್ಲಿ ಏನಾಗಿದೆ ಗೊತ್ತಾ? ಸಾಲುಗಳನ್ನು ಕತ್ತರಿಸಿದ್ದಾರೆ. ಒಂದು ಸಾಲು, ಆಮೇಲೆ ನಾಲ್ಕು ಪೆಟ್ಟು ಗಿಟಾರ್, ಆಮೇಲೆ ಇನ್ನೊಂದು ಸಾಲು. ಕೊನೆಯಕ್ಷರದ ಮೇಲೆ ಮೊದಲಕ್ಷರ ಕೂರುವ ಆ ಜಾಗವೇ ಉಳಿದಿಲ್ಲ. ಸ್ವರವನ್ನು ಯಂತ್ರದಿಂದ ನೇರ ಮಾಡಿದ್ದಾರೆ. 1997ರಲ್ಲಿ ಆಟೋಟ್ಯೂನ್ ಬಂದಾಗಿನಿಂದ ಸಿನಿಮಾ ಹಾಡಿಗೆ ಇದು ಮಾಮೂಲು, ಅದಕ್ಕೆ ನಾನೇನೂ ಅನ್ನಲ್ಲ. ಆದರೆ ಈ ಹೆಂಗಸರ ಸ್ವರ ಹಾರ್ಮೋನಿಯಂನ ಎರಡು ಮನೆಗಳ ನಡುವೆ ನಿಲ್ಲುತ್ತದೆ. ಅದು ತಪ್ಪಿ ನಿಂತದ್ದಲ್ಲ, ಅವರು ನಿಲ್ಲುವುದೇ ಅಲ್ಲಿ. ಯಂತ್ರಕ್ಕೆ ಅದು ತಿಳಿಯಲ್ಲ. ಹತ್ತಿರದ ಮನೆಗೆ ಎಳೆದು ಕೂರಿಸಿಬಿಡುತ್ತದೆ. ಗಿಟಾರಿನವರಿಗೆ ಕಾರ್ಡ್ ಹಿಡಿಯೋಕೆ ಸಲೀಸಾಯಿತು, ಅಷ್ಟೇ. ಮೇಲಿಂದ ದೇವಸ್ಥಾನದ ಗರ್ಭಗುಡಿಯಲ್ಲಿ ಹಾಡಿದ ಹಾಗೆ ಎಕೋ ಬೇರೆ. ಸೆಗಣಿ ಸಾರಿಸಿದ ಜಗಲಿಯಲ್ಲಿ ಎಕೋ ಎಲ್ಲಿಂದ ಬರುತ್ತದೆ?

ಅವರ ಪೈಕಿ ಒಬ್ಬ ಹಿರಿಯಾಕೆಗೆ ನಾನೇ ಮೊಬೈಲಿನಲ್ಲಿ ಆ ಹಾಡು ಕೇಳಿಸಿದೆ. ಕಿವಿ ಹತ್ತಿರ ಹಿಡಿದುಕೊಂಡು ಪೂರ್ತಿ ಕೇಳಿದರು. ಆಮೇಲೆ ಕೇಳಿದರು, "ಇದ್ರಲ್ಲಿ ಹಾಡ್ತಾ ಇದ್ದವ್ರು ಯಾರು ತಮಾ?"

ಯಾರು ಎಂಬುದಕ್ಕೆ ಆಲ್ಬಮ್‌ನಲ್ಲೂ ಉತ್ತರ ಇಲ್ಲ. ಗಿಟಾರ್ ಯಾರದು, ಕೀಬೋರ್ಡ್ ಯಾರದು, ಮಿಕ್ಸಿಂಗ್ ಯಾರದು, ಮುಖಪುಟದ ಚಿತ್ರ ಯಾರದು, ಎಲ್ಲ ಹೆಸರೂ ಇದೆ. ಹಾಡಿದವರ ಜಾಗದಲ್ಲಿ 'ಸಾಂಪ್ರದಾಯಿಕ' ಎಂದು ಹಾಕಿದ್ದಾರೆ. ಹಾಡು ಸಾಂಪ್ರದಾಯಿಕ ಇರಬಹುದು. ಹಾಡಿದ ಹೆಂಗಸರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಇಲ್ಲವಾ? ಆ ಹೆಸರುಗಳು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ಅವರನ್ನು ಕೇಳಿ ಬರೆಯಬೇಕಾದವರು ಆಲ್ಬಮ್ ಮಾಡಿದವರು. ಬರೆದಿಲ್ಲವಲ್ಲ ಎಂದು ಕೇಳಬೇಕಾಗಿದ್ದವರು ನಿಮ್ಮ ವಿಮರ್ಶಕರು.

ಇದು ಸೌಜನ್ಯದ ಮಾತು ಮಾತ್ರ ಅಲ್ಲ, ಕಾನೂನಿನ ಮಾತೂ ಹೌದು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದಕ್ಕೆ 2012ರಲ್ಲಿ ತಿದ್ದುಪಡಿ ಆಗಿ 38ಬಿ ಎಂಬ ಕಲಂ ಸೇರಿತು. ಹಾಡಿದವರಿಗೆ, ನುಡಿಸಿದವರಿಗೆ, ಇದನ್ನು ಹಾಡಿದ್ದು ನಾನು ಎಂದು ಹೆಸರು ಹಾಕಿಸಿಕೊಳ್ಳುವ ಹಕ್ಕನ್ನು ಅದು ಕೊಡುತ್ತದೆ. ಹಾಡು ಊರಿನದ್ದಾಗಿರಲಿ, ಅಜ್ಜಿ ಕಾಲದ್ದಾಗಿರಲಿ, ಆ ದಿನ ಹಾಡಿದ ಗಂಟಲು ಒಬ್ಬರದ್ದೇ ಅಲ್ವಾ?

ಇಂಥದ್ದು ದೂರದ ದೇಶದಲ್ಲೂ ಆಗಿದೆ. ಮಗಳು ಓದಿ ಹೇಳಿದ್ದು ಇದು. 1992ರಲ್ಲಿ ಫ್ರಾನ್ಸಿನ ಡೀಪ್ ಫಾರೆಸ್ಟ್ ಎಂಬ ಜೋಡಿ ಒಂದು ಆಲ್ಬಮ್ ತಂದಿತು. ಅದರಲ್ಲಿನ ಒಂದು ಜೋಗುಳ ಜಗತ್ತಿನ ತುಂಬ ಓಡಾಡಿತು. ಕಾಡು, ಆಫ್ರಿಕಾ, ಪಿಗ್ಮಿಗಳು ಎಂದೆಲ್ಲ ಜನ ಅಂದುಕೊಂಡು ಕೇಳಿದರು. ಅಸಲಿಗೆ ಆ ಸ್ವರ ಪೆಸಿಫಿಕ್ ಸಮುದ್ರದ ಸಾಲೊಮನ್ ದ್ವೀಪದ ಅಫುನಾಕ್ವಾ ಎಂಬ ಹೆಂಗಸಿನದ್ದು. 1970ರ ಆಸುಪಾಸಿನಲ್ಲಿ ಹ್ಯೂಗೋ ಜೆಂಪ್ ಎಂಬ ಸಂಶೋಧಕ ಅಲ್ಲಿಗೇ ಹೋಗಿ ಧ್ವನಿಮುದ್ರಣ ಮಾಡಿದ್ದರು. ಆಕೆಯ ಹೆಸರನ್ನು ಜೆಂಪ್ ಬರೆದಿಟ್ಟಿದ್ದರಿಂದ ಅದು ಉಳಿಯಿತು. ಆಲ್ಬಮ್‌ನಲ್ಲಿ ಆ ಹೆಸರಿರಲಿಲ್ಲ. ಕೇಳಿ ತಲೆದೂಗಿದ ಎಷ್ಟು ಜನರಿಗೆ ಅದು ಯಾವ ಖಂಡದ ಹಾಡು ಎಂದು ಗೊತ್ತಿತ್ತೋ ದೇವರೇ ಬಲ್ಲ. ನಮ್ಮ ಗುಮಟೆ ಡೊಳ್ಳಾದದ್ದೂ ಹಾಗೇ.

ಇಷ್ಟು ಹೇಳಿದೆ ಎಂದು ನಾನು ಫ್ಯೂಷನ್‌ಗೆ ವಿರೋಧಿ ಅಂದುಕೊಳ್ಳಬೇಡಿ. ಜಾನಪದ ಹಾಗೇ ಇರಬೇಕು, ಗಿಟಾರ್ ಮುಟ್ಟಿಸಬಾರದು ಅನ್ನುವವರ ಜೊತೆ ನಾನಿಲ್ಲ. ನಾನೇ ಗುಮಟೆಗೆ ಮೈಕ್ ಇಡುವವನು, ನನ್ನ ಬಾಯಲ್ಲಿ ಆ ಮಾತು ಶೋಭಿಸುವುದಿಲ್ಲ. ರಘು ದೀಕ್ಷಿತರ ಮೊದಲ ಆಲ್ಬಮ್ 2008ರಲ್ಲಿ ಬಂತು. ಅದರಲ್ಲಿ ಶಿಶುನಾಳ ಶರೀಫರ ಎರಡು ಪದ ಇವೆ, 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ'. ನನ್ನ ಪ್ರಕಾರ ಗುಡುಗುಡಿ ಗೆದ್ದಿದೆ. ಆ ಪದದಲ್ಲೇ ಒಂದು ಕುಣಿತ ಇದೆ, ರಾಕ್ ಅದನ್ನು ಎತ್ತಿ ಹಿಡಿಯಿತು. ಆರ್ಕೆಸ್ಟ್ರಾದ ಹುಡುಗರು ಅದನ್ನು ಹಾಡಿದಾಗ ಹಿಂದಿನ ಸಾಲಿನ ಮುದುಕರೂ ಕಾಲು ಕುಟ್ಟುವುದನ್ನು ನೋಡಿದ್ದೇನೆ. ಮಾಳಿಗಿಯ ವಿಷಯದಲ್ಲಿ ನಾನು ಸಿ. ಅಶ್ವತ್ಥರ ಪಕ್ಷ. ಮನೆ ಸೋರುತ್ತಿದೆ, ಯಾರೂ ಗಮನಿಸುತ್ತಿಲ್ಲ ಎಂಬ ದಿಗಿಲು ಅಶ್ವತ್ಥರ ತೆರೆದ ಗಂಟಲಿನಲ್ಲಿ ಇತ್ತು. ರಾಕ್‌ನಲ್ಲಿ ಅದು ಚಂದದ ಹಾಡಾಯಿತು, ದಿಗಿಲು ಕಡಿಮೆಯಾಯಿತು. ನೀವು ಒಪ್ಪದೆಯೂ ಇರಬಹುದು. ಆದರೆ ಜಗಳ ಆಡೋಕೆ ಇದರಲ್ಲಿ ಒಂದು ವಿಷಯ ಇದೆ. 'ಮಣ್ಣಿನ ವಾಸನೆ' ಎಂದರೆ ಯಾರ ಜೊತೆ ಏನಂತ ಜಗಳ ಆಡುವುದು?

1986ರಲ್ಲಿ ಅಮೆರಿಕದ ಪಾಲ್ ಸೈಮನ್ ದಕ್ಷಿಣ ಆಫ್ರಿಕಾದ ಹಾಡುಗಾರರನ್ನು ಸೇರಿಸಿಕೊಂಡು 'ಗ್ರೇಸ್‌ಲ್ಯಾಂಡ್' ಮಾಡಿದರು. ವರ್ಣಭೇದದ ಕಾರಣಕ್ಕೆ ಆ ದೇಶಕ್ಕೆ ಸಾಂಸ್ಕೃತಿಕ ಬಹಿಷ್ಕಾರ ಇದ್ದ ಕಾಲ. ಅಲ್ಲಿಗೆ ಹೋದದ್ದು ಸರಿಯಾ ಎಂದು ದೊಡ್ಡ ಗಲಾಟೆಯೇ ಆಯಿತು. ಆದರೂ ಆ ಆಲ್ಬಮ್‌ನಲ್ಲಿ ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೋ ತಂಡದ ಹೆಸರು ಇತ್ತು. ತಂಡದ ಮುಖ್ಯಸ್ಥ ಜೋಸೆಫ್ ಶಬಲಾಲಾ ಅವರ ಹೆಸರು ಒಂದು ಹಾಡು ಬರೆದವರ ಸಾಲಿನಲ್ಲೂ ಇತ್ತು. ಹಾಗಾಗಿ ಹೊಗಳುವವರಿಗೂ ಬೈಯುವವರಿಗೂ ಯಾರ ಬಗ್ಗೆ ಮಾತಾಡುತ್ತಿದ್ದೇವೆ ಎಂದಾದರೂ ಗೊತ್ತಿತ್ತು.

ಜಾನಪದ ಅಂದ ಕೂಡಲೇ ವಿಮರ್ಶಕರು ಯಾಕೆ ಮೆತ್ತಗಾಗುತ್ತಾರೆ? ನನಗೆ ಅನಿಸುವುದು ಇಷ್ಟು. ರಾಕ್ ಹುಡುಗರನ್ನು ಅವರು ಕಲಾವಿದರು ಎಂದು ನೋಡುತ್ತಾರೆ. ಕಲಾವಿದ ತಪ್ಪಿದರೆ ತಪ್ಪಿದ ಅನ್ನಬಹುದು. ಜಾನಪದದವರನ್ನು ಪಾಪ, ಬಡವರು, ಮುಗ್ಧರು ಎಂದು ನೋಡುತ್ತಾರೆ. ಅವರಿಗೆ ಬೈದರೆ ಪಾಪ ಸುತ್ತಿಕೊಳ್ಳುತ್ತದೆ ಎಂಬ ಹೆದರಿಕೆ. ಈ ಕನಿಕರದ ಲಾಭ ಹಾಡಿದ ಹೆಂಗಸರಿಗೆ ಆಗುವುದಿಲ್ಲ. ನಡುವೆ ನಿಂತು ಕತ್ತರಿ ಹಾಕಿದ ನಿರ್ಮಾಪಕರಿಗೆ ಆಗುತ್ತದೆ.

ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ವಿಷಯದಲ್ಲೂ ಹಾಗೇ ಆಯಿತು. ನಮ್ಮ ಅಂಕೋಲಾದ ಬಡಿಗೇರಿಯವರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವತ್ತು ಬಂದ ಬರಹಗಳನ್ನೆಲ್ಲ ಓದಿದೆ. ಎಷ್ಟು ಸಾವಿರ ಹಾಡು ಬರುತ್ತಿತ್ತು, ಯಾವ ಯಾವ ಪ್ರಶಸ್ತಿ ಸಿಕ್ಕಿತು, ಸಾರಾಯಿ ವಿರುದ್ಧ ಹೇಗೆ ಹೋರಾಡಿದರು, ಎಲ್ಲ ಇತ್ತು. ಇರಬೇಕಾದದ್ದೇ. ಆದರೆ ಅವರು ಹೇಗೆ ಹಾಡುತ್ತಿದ್ದರು ಎಂದು ಒಂದು ಪ್ಯಾರಾ ಬರೆದವರನ್ನು ನಾನಂತೂ ಕಾಣಲಿಲ್ಲ. ಸಾಲನ್ನು ಎಲ್ಲಿ ಎಳೆಯುತ್ತಿದ್ದರು, ಎಲ್ಲಿ ಒಮ್ಮೆಲೇ ಬಿಟ್ಟುಬಿಡುತ್ತಿದ್ದರು, ಉಸಿರು ಎಲ್ಲಿ ತೆಗೆದುಕೊಳ್ಳುತ್ತಿದ್ದರು? ಹಿಂದೂಸ್ತಾನಿ ಗಾಯಕರು ತೀರಿಕೊಂಡರೆ ಇವನ್ನೆಲ್ಲ ಬರೆಯುತ್ತೀರಲ್ಲ. ಹಾಡುಹಕ್ಕಿ ಎಂದು ಹೆಸರಿಟ್ಟ ಮೇಲೆ ಹಾಡಿನ ಬಗ್ಗೆ ಹೇಳುವುದು ಬೇಡವಾಯಿತಾ?

ನಮ್ಮ ಜಿಲ್ಲೆಗೆ ಕಟ್ಟುನಿಟ್ಟಿನ ವಿಮರ್ಶೆ ಹೊಸದೇನೂ ಅಲ್ಲ. ರಾತ್ರಿ ಆಟ ಮುಗಿಸಿ ಬೆಳಗ್ಗೆ ಕೇಬಲ್ ಸುತ್ತುವಾಗ ಪಕ್ಕದ ಚಾ ಅಂಗಡಿಯ ಮಾತು ನನ್ನ ಕಿವಿಗೆ ಬೀಳುತ್ತದೆ. ಅಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಭಾಗವತರು ಶ್ರುತಿಯಲ್ಲಿ ಕಪ್ಪು ಎರಡಕ್ಕೆ ಏರಿದ್ದು ಸಾಕಿತ್ತು, ಮೂರಕ್ಕೆ ಯಾಕೆ ಹೋದರು? ಕೊನೆಯ ಪದದಲ್ಲಿ ಗಂಟಲು ಬಿಟ್ಟಿತು ನೋಡು. ಮದ್ದಲೆಯವ ಜಾಣ, ಭಾಗವತರು ತಾಳ ಬಿಟ್ಟಲ್ಲಿ ಒಂದು ಪೆಟ್ಟು ಜಾಸ್ತಿ ಹಾಕಿ ಮರ್ಯಾದೆ ಉಳಿಸಿದ. ಚಂಡೆ ಜಾಸ್ತಿಯಾಯಿತು, ಮಾತೇ ಕೇಳಲಿಲ್ಲ, ಮೈಕಿನವನಿಗೆ ನಿದ್ದೆ ಹತ್ತಿತ್ತು ಕಾಣುತ್ತದೆ. ಕೊನೆಯದು ನನಗೆ. ಹೀಗೆ ಹೇಳುವವರು ಗದ್ದೆ ಕೆಲಸದವರು, ದೋಣಿಗೆ ಹೋಗುವವರು, ಬ್ಯಾಂಕಿನ ಗುಮಾಸ್ತರು. ಯಾರ ಕೈಯಲ್ಲೂ ಸ್ಟಾರ್ ಇಲ್ಲ. ಆದರೆ ಹಿಮ್ಮೇಳದ ಒಬ್ಬೊಬ್ಬರ ಹೆಸರೂ ಅವರಿಗೆ ಗೊತ್ತು. ಅದಕ್ಕೇ ಬೈಗುಳವೂ ಸರಿಯಾದ ವಿಳಾಸಕ್ಕೆ ಮುಟ್ಟುತ್ತದೆ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಹಿಮ್ಮೇಳ ಇಷ್ಟು ಗಟ್ಟಿಯಾಗಿ ನಿಂತಿದ್ದರೆ ಅದರಲ್ಲಿ ಈ ಚಾ ಅಂಗಡಿಯವರ ಪಾಲೂ ಇದೆ ಎಂದು ನಾನು ನಂಬಿದ್ದೇನೆ. ಆಟಕ್ಕೆ ಸಲ್ಲುವ ಈ ಕಿವಿ ಜಾನಪದ ಆಲ್ಬಮ್‌ಗೆ ಯಾಕೆ ಸಲ್ಲಬಾರದು?

ಪಾಪ್ ಹಾಡುಗಳ ಬಗ್ಗೆ ನಿಮ್ಮ ಪುಟ ಬರೆಯುವುದನ್ನು ನಾನು ಹೆಚ್ಚುಕಮ್ಮಿ ಒಪ್ಪುತ್ತೇನೆ. ರ‍್ಯಾಪ್ ಕಂಡರೆ ಹಿರಿಯರು ಸಿಡುಕುತ್ತಾರೆ, ನನಗೆ ಹಾಗಿಲ್ಲ. ತಾಳಮದ್ದಲೆಯಲ್ಲಿ ಇಬ್ಬರು ಅರ್ಥಧಾರಿಗಳು ಮಾತಿಗೆ ಮಾತು ಜೋಡಿಸಿ ಒಬ್ಬರನ್ನೊಬ್ಬರು ಕಟ್ಟಿಹಾಕುವುದನ್ನು ಕೇಳಿದವನಿಗೆ ರ‍್ಯಾಪ್ ಏನು ಹೊಸದು? ಒಂದೇ ಬೇಡಿಕೆ. ಕನ್ನಡ ಪಾಪ್ ಹಾಡುವವರು 'ಳ'ವನ್ನು 'ಲ' ಮಾಡಿದಾಗ ಒಂದು ಸ್ಟಾರ್ ಕತ್ತರಿಸಿ. ಹಾಗೇ ಕಾರವಾರ ಕಡೆ ಹುಡುಗರು ಮಾಡುವ ಕೊಂಕಣಿ ಹಾಡುಗಳ ಬಗ್ಗೆಯೂ ವರ್ಷಕ್ಕೊಮ್ಮೆಯಾದರೂ ಎರಡು ಸಾಲು ಬರಲಿ. ಅವರೂ ನಿಮ್ಮ ಪತ್ರಿಕೆ ಕೊಳ್ಳುವವರೇ.

ಆಲ್ಬಮ್ ಮಾಡುವವರ ಕಷ್ಟವೂ ನನಗೆ ಗೊತ್ತಿದೆ. ಕ್ಯಾಸೆಟ್ ಕಾಲದಲ್ಲಿ ಒಂದು ಬದಿ ಅರ್ಧ ಗಂಟೆ ಇರುತ್ತಿತ್ತು, ಹಾಡು ನಿಧಾನವಾಗಿ ಶುರುವಾದರೂ ಯಾರೂ ಎದ್ದು ಹೋಗುತ್ತಿರಲಿಲ್ಲ. ಫಾರ್ವರ್ಡ್ ಮಾಡಿದರೆ ರೀಲು ಸಿಕ್ಕಿಕೊಳ್ಳುವ ಭಯ. ಈಗ ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಒಂದು ಲೆಕ್ಕ. ಅದಕ್ಕೇ ಎಲ್ಲರೂ ಅಷ್ಟರೊಳಗೆ ಇದ್ದದ್ದನ್ನೆಲ್ಲ ಮುಂದೆ ತಂದು ಸುರಿಯುತ್ತಾರೆ. ನಮ್ಮ ಸುಗ್ಗಿ ಹಾಡಿಗೆ ಇದು ಆಗಿಬರುವುದಿಲ್ಲ. ಹೋಳಿ ಹೊತ್ತಿಗೆ ಬೆಳಂಬಾರಕ್ಕೆ ಹೋಗಿ ನೋಡಿ. ಕುಣಿತ ಶುರುವಾಗುವಾಗ ಕಾಲು ನಿಧಾನ. ತುರಾಯಿ ಕಟ್ಟಿದ ತಲೆಗಳು ಮೆಲ್ಲಗೆ ಆಡುತ್ತಿರುತ್ತವೆ. ಬರಬರುತ್ತಾ ಗುಮಟೆ ಬಿರುಸಾಗುತ್ತದೆ, ಕಾಲು ಬಿರುಸಾಗುತ್ತದೆ. ವೇಗ ಯಾವಾಗ ಏರಿತು ಎಂದು ಕುಣಿಯುವವರಿಗೇ ಗೊತ್ತಾಗಿರುವುದಿಲ್ಲ. ಆಲ್ಬಮ್‌ನಲ್ಲಿ ಕ್ಲಿಕ್ ಟ್ರ್ಯಾಕ್ ಹಾಕಿ ಎಲ್ಲವನ್ನೂ ಒಂದೇ ವೇಗಕ್ಕೆ ಕಟ್ಟಿದ್ದಾರೆ. ಮೊದಲು ಎಷ್ಟೋ ಕೊನೆಗೂ ಅಷ್ಟೇ. ಇದನ್ನು ಒಂದು ಸಾಲಿನಲ್ಲಾದರೂ ಬರೆದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೋ ಏನೋ.

ನ್ಯಾಯವಾಗಿ ಹೇಳಬೇಕೆಂದರೆ ಆ ಆಲ್ಬಮ್‌ನಲ್ಲಿ ಒಂದು ಹಾಡು ಚೆನ್ನಾಗಿದೆ. ಐದನೆಯದು. ಮದುವೆ ಮನೆಯಲ್ಲಿ ಹುಡುಗಿಯನ್ನು ಕಳಿಸಿಕೊಡುವ ಹಾಡು. ಅದಕ್ಕೆ ಗಿಟಾರ್ ಬಿಟ್ಟರೆ ಬೇರೇನೂ ಹಾಕಿಲ್ಲ. ಅದೂ ಎಲ್ಲೋ ಒಂದೊಂದು ತಂತಿ. ಸಾಲು ಕತ್ತರಿಸಿಲ್ಲ. ಹಿನ್ನೆಲೆಯಲ್ಲಿ ಕೋಳಿ ಕೂಗಿದ್ದು, ಯಾರೋ ಕೆಮ್ಮಿದ್ದು ಹಾಗೇ ಇದೆ. ಗಿಟಾರ್ ನುಡಿಸಿದ ಹುಡುಗ ಹೆಂಗಸರ ಉಸಿರಿಗೆ ಕಾದಿದ್ದಾನೆ, ಅವರು ತೆಗೆದುಕೊಂಡ ಮೇಲೆ ನುಡಿಸಿದ್ದಾನೆ. ಅವನಿಗೆ ಕಿವಿ ಇದೆ. ಉಳಿದ ಹಾಡುಗಳನ್ನೂ ಅವನ ಕೈಗೇ ಬಿಟ್ಟಿದ್ದರೆ ಈ ಆಲ್ಬಮ್ ಬೇರೆಯೇ ಆಗುತ್ತಿತ್ತು. ನಿಮ್ಮ ವಿಮರ್ಶೆಯಲ್ಲಿ ಈ ಐದನೇ ಹಾಡಿನ ಸುದ್ದಿಯೇ ಇಲ್ಲ. ನಾಲ್ಕೂವರೆ ಸ್ಟಾರ್ ಕೊಟ್ಟವರಿಗೆ ಒಳ್ಳೆಯ ಹಾಡು ಯಾವುದು ಎಂದೂ ಹೇಳಲು ಆಗಲಿಲ್ಲ. ನನ್ನನ್ನು ಕೇಳಿದರೆ ಆ ಒಂದು ಹಾಡಿಗೆ ನಾಲ್ಕು, ಒಟ್ಟು ಆಲ್ಬಮ್‌ಗೆ ಒಂದೂವರೆ.

ನನ್ನ ಕೋರಿಕೆ ದೊಡ್ಡದೇನಲ್ಲ. ವಿಮರ್ಶೆಯ ಮೇಲೆ ಆಲ್ಬಮ್ ಹೆಸರು ಹಾಕುವಾಗ ಅದರ ಕೆಳಗೆ ಹಾಡಿದವರು, ನುಡಿಸಿದವರು ಎಂದು ಒಂದು ಸಾಲು ಇರಲಿ. ಆಲ್ಬಮ್‌ನವರು ಹೆಸರು ಕೊಟ್ಟಿಲ್ಲದಿದ್ದರೆ 'ಕೊಟ್ಟಿಲ್ಲ' ಎಂದು ಅಲ್ಲೇ ಅಚ್ಚು ಹಾಕಿ. ನಾಲ್ಕು ವಾರ ಹಾಗೆ ಅಚ್ಚಾದರೆ ಐದನೇ ವಾರ ಅವರೇ ಹೆಸರು ಕಳಿಸುತ್ತಾರೆ. ಮತ್ತೆ 'ಮಣ್ಣಿನ ವಾಸನೆ'ಯನ್ನು ಒಂದು ವರ್ಷ ನಿಷೇಧಿಸಿ. ಮಳೆಗಾಲ ಶುರುವಾಗುವ ಜೂನ್ ತಿಂಗಳಲ್ಲಿ ಬೇಕಾದರೆ ಸಡಿಲಿಸಿ.

ವಾದ್ಯ ಯಾವುದು ಎಂದು ಗೊತ್ತಾಗದಿದ್ದರೆ ಸುಮ್ನೆ ಊಹಿಸಿ ಬರೆಯಬೇಡಿ. ಅಂಕೋಲಾದಲ್ಲಿ ನಿಮ್ಮ ವರದಿಗಾರರಿದ್ದಾರೆ, ಅವರನ್ನು ಕೇಳಿ. ಅವರಿಗೂ ತಿಳಿಯದಿದ್ದರೆ ನನ್ನ ನಂಬರ್ ಅವರ ಹತ್ತಿರ ಇದೆ. ಫೋನಿನಲ್ಲಿ ಕೇಳಿಸಿದರೂ ಹೇಳುತ್ತೇನೆ. ಬಂಡಿಹಬ್ಬದ ದಿನ ಮಾತ್ರ ಮಾಡಬೇಡಿ, ಅವತ್ತು ಎತ್ತಲು ಆಗುವುದಿಲ್ಲ.

ಇಂತಿ ನಿಮ್ಮ ಓದುಗ,
ಮೈಕ್ ಸೆಟ್ ಅಂಗಡಿ, ಅಂಕೋಲಾ
(ಹೆಸರು, ವಿಳಾಸ ಪತ್ರಿಕೆಗೆ ಬೇರೆಯಾಗಿ ಕೊಟ್ಟಿದ್ದೇನೆ)